ಕಾಡತೂಸಿನ ತಳದಲ್ಲಿ ಒಂದು ಚರಿತ್ರೆ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣಗಳನ್ನು ಸಂಗ್ರಹಿಸುವವರನ್ನು ನೀವು ಕಂಡಿದ್ದೀರಿ. ಹಳೆಯ ಕಾಡತೂಸುಗಳನ್ನು ಸಂಗ್ರಹಿಸುವವರೂ ಜಗತ್ತಿನಲ್ಲಿದ್ದಾರೆ. ಎರಡು ಮಹಾಯುದ್ಧಗಳ ನಡುವೆ ಇಟಲಿಯ ಸೇನೆಗಾಗಿ ತಯಾರಾದ ರೈಫಲ್ ಕಾಡತೂಸುಗಳು ಅಂಥ ಸಂಗ್ರಹಗಳಲ್ಲಿ ಒಂದು ಬಗೆ.

ಇಟಲಿಗೂ ಕುಲಗೋಡಕ್ಕೂ ಏನು ನಂಟು ಎನ್ನುವಿರಾ? ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಈ ದಳದ 3ನೇ ಬೆಟಾಲಿಯನ್ 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಇಟಲಿ ಸೇನೆಯ ವಿರುದ್ಧ ಹೋರಾಡಿತು. ಯುದ್ಧಭೂಮಿಯಿಂದ ನೆನಪಿಗೆಂದು ಏನಾದರೂ ತರುವುದು ಎಲ್ಲ ದೇಶಗಳ ಸೈನಿಕರಲ್ಲೂ ಇದ್ದ ರೂಢಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವುದಾದರೂ ಮನೆಯ ಹಳೆಯ ಟ್ರಂಕಿನಲ್ಲಿ ಇಂಥದೊಂದು ಸಿಕ್ಕರೆ ಅದನ್ನು ಗುರುತಿಸುವುದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಏನು ಮಾಡಬಾರದು?

ರಚನೆ

ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು, ಮುಂದಿನ ಗುಂಡು ಮತ್ತು ತಳದ ನಡುವೆ ಕಿಡಿ ಹೊತ್ತಿಸುವ ಪ್ರೈಮರ್. ಇಟಲಿ 1891ರಲ್ಲಿ ಅಳವಡಿಸಿಕೊಂಡ ಕಾರ್ಕಾನೊ ರೈಫಲ್ಲಿನ ಕಾಡತೂಸು 6.5 ಮಿ.ಮೀ. ಅಳತೆಯದು. ಕೋಶದ ಉದ್ದ ಸುಮಾರು 52 ಮಿ.ಮೀ. ಗುಂಡಿನ ಮೂತಿ ಚೂಪಲ್ಲ, ಗುಂಡಗಿದೆ. ತೂಕ ಸುಮಾರು 10.5 ಗ್ರಾಂ. ಅದು ಸೆಕೆಂಡಿಗೆ 700 ಮೀಟರ್ ವೇಗದಲ್ಲಿ ಹೊರಟರೆ ಚಲನಶಕ್ತಿ ಎಷ್ಟು? ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ ನೋಡಿ: ಸುಮಾರು 2,570 ಜೂಲ್.

1938ರಲ್ಲಿ ಇಟಲಿ 7.35 ಮಿ.ಮೀ. ಕಾಡತೂಸನ್ನು ತಂದಿತು. ಅದರ ಗುಂಡಿನ ಒಳಗೆ ಮುಂಭಾಗದಲ್ಲಿ ಅಲ್ಯೂಮಿನಿಯಂ, ಹಿಂಭಾಗದಲ್ಲಿ ಸೀಸ. ಯುದ್ಧಕಾಲದಲ್ಲಿ ಎರಡು ಅಳತೆಯ ಕಾಡತೂಸುಗಳ ಪೂರೈಕೆ ತೊಡಕೆನಿಸಿ ಸೇನೆ 6.5ಕ್ಕೇ ಮರಳಿತು.

ತಳದ ಅಕ್ಷರಗಳು

ಕೋಶದ ತಳದಲ್ಲಿ ಒತ್ತಿದ ಗುರುತುಗಳೇ ಸಂಗ್ರಹಕಾರರಿಗೆ ಶಾಸನವಿದ್ದಂತೆ. 'ಬಿ' ಎಂದರೆ ಬೊಲೋನ್ಯಾ, 'ಸಿ' ಎಂದರೆ ಕಾಪುವಾ. ಇವೆರಡೂ ಸರ್ಕಾರಿ ಕಾರ್ಖಾನೆಗಳು. 'ಎಸ್.ಎಂ.ಐ.', 'ಬಿ.ಪಿ.ಡಿ.' ಖಾಸಗಿ ಕಂಪನಿಗಳ ಗುರುತು. ಇಸವಿಯ ಮೊದಲಂಕಿ ಬಿಟ್ಟುಹೋಗಿರುವುದುಂಟು. 936 ಎಂದಿದ್ದರೆ 1936 ಎಂದು ಓದಬೇಕು.

ಹಿತ್ತಾಳೆ ಸೀಳುವುದೇಕೆ?

ಇದರ ಉತ್ತರಕ್ಕೂ ಭಾರತಕ್ಕೂ ಸಂಬಂಧವಿದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಸೇನೆ ಇಲ್ಲಿನ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಕಾಡತೂಸುಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕುಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಹೊರಡುವ ಅಮೋನಿಯ, ಗಾಳಿಯ ತೇವದೊಡನೆ ಸೇರಿ ಹಿತ್ತಾಳೆಯಲ್ಲಿನ ತಾಮ್ರದ ಮೇಲೆ ವರ್ತಿಸುತ್ತದೆ. ಕೋಶವನ್ನು ತಣ್ಣಗೆ ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತ ಅಲ್ಲಿಂದಲೇ ಬಿರುಕನ್ನು ಬೆಳೆಸುತ್ತದೆ. ಈ ಕಾರಣ 1921ರಲ್ಲಿ ಸ್ಪಷ್ಟವಾಯಿತು. ಕೋಶವನ್ನು ಹದವಾಗಿ ಕಾಯಿಸಿ ಬಿಗಿತ ಕಳೆಯುವುದೇ ಪರಿಹಾರ. ಆದ್ದರಿಂದ ಖಾಲಿ ಕೋಶಗಳನ್ನು ದನದ ಕೊಟ್ಟಿಗೆಯ ಬಳಿ ಇಡುವುದಾಗಲಿ, ಅಮೋನಿಯವಿರುವ ಪಾಲಿಷಿನಿಂದ ಉಜ್ಜುವುದಾಗಲಿ ಸಲ್ಲದು.

ಹಳತಾದರೆ ಅಪಾಯ ತಪ್ಪದು

ಇಟಲಿಯ ಕಾಡತೂಸುಗಳಲ್ಲಿದ್ದ ಸೊಲೆನೈಟ್ ಎಂಬ ಮದ್ದಿನಲ್ಲಿ ನೈಟ್ರೊಸೆಲ್ಯುಲೋಸ್ ಮತ್ತು ನೈಟ್ರೊಗ್ಲಿಸರಿನ್ ಸೇರಿರುತ್ತವೆ. ನೈಟ್ರೊಸೆಲ್ಯುಲೋಸ್ ವರ್ಷಗಳು ಕಳೆದಂತೆ ನಿಧಾನವಾಗಿ ವಿಘಟಿಸಿ ನೈಟ್ರೋಜನ್ ಆಕ್ಸೈಡುಗಳನ್ನು ಹೊರಬಿಡುತ್ತದೆ. ಅವು ವಿಘಟನೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಶಾಖ ಇದಕ್ಕೆ ನೆರವಾಗುತ್ತದೆ. ಮದ್ದು ಕೆಟ್ಟಿದ್ದರೂ ಪ್ರೈಮರ್ ಸಜೀವವಾಗಿರಬಹುದು. ಸಣ್ಣ ಪೆಟ್ಟು ಸಾಕು, ಬೆರಳು, ಕಣ್ಣು ಹೋಗಬಹುದು. ಬಂದೂಕಿನ ಹೊರಗೆ ಸಿಡಿದಾಗ ಗುಂಡಿಗಿಂತ ಹಿತ್ತಾಳೆಯ ಚೂರುಗಳೇ ಹೆಚ್ಚು ಅಪಾಯಕಾರಿ.

ಸಿಕ್ಕರೆ ಏನು ಮಾಡಬೇಕು?

ಗುಂಡು ಕೂತಿರುವ ಕಾಡತೂಸನ್ನು ಮುಟ್ಟಬೇಡಿ, ತೊಳೆಯಬೇಡಿ, ಬಿಚ್ಚಬೇಡಿ, ಬಿಸಿಲಿಗೆ ಇಡಬೇಡಿ. ಮಕ್ಕಳನ್ನು ದೂರವಿರಿಸಿ 112ಕ್ಕೆ ಕರೆ ಮಾಡಿ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಕಾಡತೂಸು ಇಟ್ಟುಕೊಳ್ಳುವುದು ಅಪರಾಧ. ಕಾಡತೂಸಿನ ಬಿಡಿಭಾಗಗಳನ್ನೂ ಕಾಯಿದೆ ಹೆಸರಿಸುತ್ತದೆ. ಆದ್ದರಿಂದ ಖಾಲಿ ಕೋಶವಾದರೂ ಠಾಣೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಹಾಗಾದರೆ ಆಸಕ್ತರಿಗೆ ಉಳಿಯುವುದೇನು? ಮಾಹಿತಿ. ದೂರದಿಂದಲೇ ತೆಗೆದ ಒಂದು ಚಿತ್ರ, ಅದನ್ನು ತಂದವರು ಯಾರು, ಯಾವ ದಳದಲ್ಲಿದ್ದರು, ಎಲ್ಲಿಂದ ತಂದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟ ನಾಲ್ಕು ಸಾಲು. ಲೋಹ ಠಾಣೆಗೆ ಹೋದರೂ ಚರಿತ್ರೆ ನಿಮ್ಮ ಬಳಿಯೇ ಉಳಿಯುತ್ತದೆ.