ಸ್ವತ್ತಿನ ಷೆಡ್ಯೂಲು: ಸಹಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಮಳಿಗೆ, ಗೋದಾಮು ಅಥವಾ ಕಾರ್ಖಾನೆಗಾಗಿ ಸ್ವತ್ತು ಕೊಳ್ಳುವ ಉದ್ದಿಮೆದಾರರು ಕ್ರಯಪತ್ರದ ಬೆಲೆಯನ್ನೂ ಷರತ್ತುಗಳನ್ನೂ ಎಚ್ಚರಿಕೆಯಿಂದ ಓದುತ್ತಾರೆ. ಕೊನೆಯಲ್ಲಿರುವ ಷೆಡ್ಯೂಲನ್ನು ಪತ್ರ ಬರಹಗಾರರಿಗೇ ಬಿಟ್ಟುಬಿಡುತ್ತಾರೆ. ಆದರೆ ಕೊಂಡ ಜಾಗ ಯಾವುದೆಂಬುದನ್ನು ಹೇಳುವುದು ಷೆಡ್ಯೂಲೇ. ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರಣೆಯಿಲ್ಲದ ಪತ್ರವನ್ನು ನೋಂದಣಿಗೆ ಸ್ವೀಕರಿಸತಕ್ಕದ್ದಲ್ಲವೆಂದು 1908ರ ನೋಂದಣಿ ಕಾಯ್ದೆಯ 21ನೇ ಕಲಂ ವಿಧಿಸುತ್ತದೆ.

ಬನ್ನೇರುಘಟ್ಟ ರಸ್ತೆಯ ಅರೆಕೆರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಂದಾಯ ದಾಖಲೆಗಳಲ್ಲಿ ಇದು ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿಯ ಗ್ರಾಮ. ಹೊಲಗಳು ನಿವೇಶನಗಳಾದಂತೆ ಸರ್ವೆ ನಂಬರಿನ ಜೊತೆಗೆ ನಿವೇಶನ ಸಂಖ್ಯೆ, ಖಾತೆ ಸಂಖ್ಯೆಗಳು ಸೇರಿದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. 2025ರಲ್ಲಿ ಅದರ ಸ್ಥಾನಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದವು. ಆಡಳಿತ ಬದಲಾದಾಗ ಖಾತೆಯ ಸಂಖ್ಯೆಯೂ ಬದಲಾಗಬಹುದು. ಆದುದರಿಂದ ಹೊಸ ಸಂಖ್ಯೆಯೊಡನೆ ಹಳೆಯ ಸಂಖ್ಯೆಯನ್ನೂ, ಮೂಲ ಸರ್ವೆ ಹಾಗೂ ಹಿಸ್ಸಾ ನಂಬರುಗಳನ್ನೂ ಕಾಣಿಸುವುದು ಕ್ಷೇಮ. ರಾಮನಗರ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಬಂದಿರುವುದರಿಂದ, ತಾಲ್ಲೂಕಿನ ಮುಂದೆ ‘ಬೆಂಗಳೂರು ನಗರ ಜಿಲ್ಲೆ’ ಎಂದು ಸ್ಪಷ್ಟವಾಗಿ ಬರೆಯಬೇಕು.

ಅಳತೆಯಲ್ಲಿ ಒಟ್ಟು ವಿಸ್ತೀರ್ಣವೊಂದೇ ಸಾಲದು. ‘ಪೂರ್ವ–ಪಶ್ಚಿಮ 40 ಅಡಿ, ಉತ್ತರ–ದಕ್ಷಿಣ 60 ಅಡಿ, ಒಟ್ಟು 2,400 ಚದರ ಅಡಿ’ ಎಂದಿರಬೇಕು. ಮೂಲಪತ್ರದಲ್ಲಿ ಗುಂಟೆಯ ಲೆಕ್ಕವಿದ್ದರೆ, 1 ಗುಂಟೆಗೆ 1,089 ಚದರ ಅಡಿಯಂತೆ ತಾಳೆ ನೋಡಬೇಕು.

ಚಕ್ಕುಬಂದಿಗೆ ವಿಶೇಷ ಮಹತ್ವವಿದೆ. 1961ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ 1060 ಎಂದಿರಬೇಕಾದ ಜಮೀನಿನ ಸಂಖ್ಯೆ 160 ಎಂದು ನಮೂದಾಗಿತ್ತು. ವಿಸ್ತೀರ್ಣವೂ ಎಲ್ಲೆಗಳೂ ಸರಿಯಾಗಿದ್ದುದರಿಂದ ಜಮೀನಿನ ಗುರುತಿಗೆ ಬಾಧೆಯಿಲ್ಲವೆಂದು ನ್ಯಾಯಾಲಯ ಹೇಳಿತು. ಎಲ್ಲೆಗಳನ್ನು ಬರೆಯದೆ ಇದ್ದಿದ್ದರೆ ಆ ಖರೀದಿದಾರರಿಗೆ ಈ ಆಸರೆ ಸಿಗದೆ ಹೋಗಬಹುದಿತ್ತು. ‘ಪೂರ್ವಕ್ಕೆ ಖಾಲಿ ಜಾಗ’ ಎಂಬ ಬರಹ ಅಲ್ಲಿ ಕಟ್ಟಡವೆದ್ದ ದಿನವೇ ಅರ್ಥ ಕಳೆದುಕೊಳ್ಳುತ್ತದೆ. ನೆರೆಯವರ ಹೆಸರಿನೊಡನೆ ಅವರ ನಿವೇಶನ ಸಂಖ್ಯೆ, ರಸ್ತೆಯಾದರೆ ಅದರ ಅಗಲ ಬರೆದರೆ ಮಾಲೀಕರು ಬದಲಾದರೂ ಎಲ್ಲೆ ಉಳಿಯುತ್ತದೆ.

ತಪ್ಪು ನುಸುಳಿದರೆ ತಿದ್ದುಪಡಿ ಪತ್ರವನ್ನು ನೋಂದಾಯಿಸಬಹುದು. ಆದರೆ ಅದಕ್ಕೆ ಮಾರಾಟಗಾರರ ಸಹಿಯೂ ಬೇಕು. ವರ್ಷಗಳ ತರುವಾಯ ಅವರನ್ನಾಗಲಿ ಅವರ ವಾರಸುದಾರರನ್ನಾಗಲಿ ಹುಡುಕುವುದು ಸುಲಭವಲ್ಲ. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದಾಗಲೇ ಇಂತಹ ದೋಷ ಬಯಲಾಗುವುದುಂಟು. ಸಹಿ ಹಾಕುವ ಮುನ್ನ ಕರಡು ಷೆಡ್ಯೂಲನ್ನು ಮೂಲಪತ್ರ, ಖಾತೆ ಹಾಗೂ ಋಣಭಾರ ಪ್ರಮಾಣಪತ್ರಗಳೊಡನೆ ಹೋಲಿಸಿ, ಟೇಪು ಹಿಡಿದು ಸ್ಥಳದಲ್ಲೇ ನಾಲ್ಕೂ ದಿಕ್ಕುಗಳನ್ನು ಅಳೆದು ನೋಡುವುದು ಉತ್ತಮ.