ತಂಬಾಕಿನ ಮರೆಯಲ್ಲಿದ್ದ ವೈರಾಣು

ನಮ್ಮ ಡೊಂಬಿವಲಿ, ಕಲ್ಯಾಣದ ಕಡೆ ಯಾರಿಗಾದರೂ ಗಂಟಲು ಕ್ಯಾನ್ಸರ್ ಎಂದು ಗೊತ್ತಾದರೆ ನೆರೆಹೊರೆಯವರು ಮೊದಲು ಕೇಳುವುದು, ‘ಗುಟ್ಕಾ ತಿಂತಿದ್ರಾ?’ ಹೆಚ್ಚಿನ ಸಲ ಉತ್ತರ ಹೌದು. ಇಲ್ಲ ಎಂದವರನ್ನು ನಂಬುವವರು ಕಡಿಮೆ. ರೋಗದ ಜೊತೆ ಈ ಅನುಮಾನವನ್ನೂ ಹೊರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗಂಟಲು ಕ್ಯಾನ್ಸರಿಗೆ ತಂಬಾಕೊಂದೇ ಕಾರಣವಲ್ಲ, ಒಂದು ವೈರಾಣುವೂ ಕಾರಣವಾಗಬಹುದು. 1983ರಲ್ಲಿ ಜರ್ಮನಿಯ ಹಾರಾಲ್ಡ್ ತ್ಸುರ್ ಹೌಸೆನ್ ತಂಡ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಎಚ್‌ಪಿವಿ-16 ವೈರಾಣುವನ್ನು ಪತ್ತೆ ಮಾಡಿತು. ಎಚ್‌ಪಿವಿ ಹೆಚ್ಚಿನವರಿಗೆ ಯಾವಾಗಲೋ ತಗಲಿ, ಒಂದೆರಡು ವರ್ಷದಲ್ಲಿ ತಾನಾಗಿ ಹೋಗಿಬಿಡುವಂಥದ್ದು. ಅಂಥದ್ದಕ್ಕೆ ಗಂಟಲಲ್ಲೇನು ಕೆಲಸ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಮೌರಾ ಗಿಲಿಸನ್ ಮತ್ತು ಸಂಗಡಿಗರು ತಲೆ-ಕತ್ತಿನ ಕ್ಯಾನ್ಸರಿನ 253 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿ 2000ದಲ್ಲಿ ಉತ್ತರ ಕೊಟ್ಟರು. ಶೇ 25ರಷ್ಟು ಗಡ್ಡೆಗಳಲ್ಲಿ ಎಚ್‌ಪಿವಿ ಇತ್ತು, ಅದರಲ್ಲೂ ಬಹುಪಾಲು 16ನೇ ಬಗೆಯದೇ. ನೆಲೆ ಹೆಚ್ಚಾಗಿ ಟಾನ್ಸಿಲ್ ಮತ್ತು ನಾಲಗೆಯ ಬುಡ. ಟಾನ್ಸಿಲ್‌ನ ಆಳವಾದ ಸಂದುಗಳ ಒಳಮೈ ತೀರ ತೆಳು. ವೈರಾಣು ನುಸುಳುವುದು ಅಲ್ಲಿಯೇ. ಒಳಹೊಕ್ಕ ಮೇಲೆ ಅದರ ಇ6 ಪ್ರೋಟೀನು ಜೀವಕೋಶದ ಕಾವಲುಗಾರ ಪಿ53 ಅನ್ನು ನಾಶ ಮಾಡಿಸುತ್ತದೆ, ಇ7 ಇನ್ನೊಂದು ಕಡಿವಾಣವಾದ ಆರ್‌ಬಿಯನ್ನು ಕಳಚುತ್ತದೆ. ಕೋಶ ಲಂಗುಲಗಾಮಿಲ್ಲದೆ ಬೆಳೆಯುತ್ತದೆ. ಆದರೂ ಗಡ್ಡೆಯಲ್ಲಿ ಎಚ್‌ಪಿವಿ ಇರುವ ರೋಗಿಗಳೇ ಹೆಚ್ಚು ಕಾಲ ಬದುಕುತ್ತಾರೆ ಎಂಬುದೂ ಆ ಅಧ್ಯಯನದಲ್ಲೇ ಕಂಡಿತು.

ನಮ್ಮಲ್ಲಿ ಹುಡುಕಾಟ ಕಷ್ಟ. ತಂಬಾಕಿನ ಹಾವಳಿ ಎಷ್ಟಿದೆಯೆಂದರೆ ವೈರಾಣುವಿನ ಪಾಲು ಅದರಡಿ ಮುಚ್ಚಿಹೋಗುತ್ತದೆ. ನವಿ ಮುಂಬೈನ ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್ ಸೆಂಟರಿನ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್ ಇದೆ. ಅಲ್ಲಿ ಅಮಿತ್ ದತ್ ಅವರ ಪ್ರಯೋಗಾಲಯದ ಪ್ರತೀಕ್ ಚಂದ್ರಾಣಿ ಮತ್ತು ಜೊತೆಗಾರರು 2015ರಲ್ಲಿ ‘ಎಚ್‌ಪಿವಿ ಡಿಟೆಕ್ಟರ್’ ಎಂಬ ಸಾಫ್ಟ್‌ವೇರ್ ಪ್ರಕಟಿಸಿದರು. ಗಡ್ಡೆಯ ಡಿಎನ್‌ಎ ಓದುವಾಗ ವಿಜ್ಞಾನಿಗಳ ಕಣ್ಣು ಮನುಷ್ಯನ ಜೀನುಗಳ ಮೇಲಿರುತ್ತದೆ. ವೈರಾಣುವಿನ ಚೂರುಗಳೂ ಅದೇ ರಾಶಿಯಲ್ಲಿ ಬಂದಿರುತ್ತವೆ. ಈ ಸಾಫ್ಟ್‌ವೇರ್ ಆ ಚೂರುಗಳನ್ನು ಹೆಕ್ಕಿ, ಯಾವ ಬಗೆಯ ಎಚ್‌ಪಿವಿ, ಮನುಷ್ಯನ ಜೀನೋಮಿನಲ್ಲಿ ಎಲ್ಲಿ ಸೇರಿಕೊಂಡಿದೆ ಎಂದು ಹೇಳುತ್ತದೆ. ಹೊಸದಾಗಿ ಯಾರಿಗೂ ಸೂಜಿ ಚುಚ್ಚಬೇಕಿಲ್ಲ, ಕೈಯಲ್ಲಿದ್ದ ಮಾಹಿತಿಯನ್ನೇ ಮತ್ತೆ ಓದಿದರಾಯಿತು. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದದ್ದು ಇದೇ.

ಆಸ್ಪತ್ರೆಯಲ್ಲಿ ಇಷ್ಟೆಲ್ಲ ಬೇಕಾಗುವುದಿಲ್ಲ. ಆರ್‌ಬಿ ಕಳಚಿದ ಕೋಶದಲ್ಲಿ ಪಿ16 ಎಂಬ ಪ್ರೋಟೀನು ತುಂಬಿಕೊಳ್ಳುತ್ತದೆ. ಬಯಾಪ್ಸಿಯ ತುಣುಕಿಗೆ ಬಣ್ಣ ಹಾಕಿದರೆ ಅದು ಕಾಣುತ್ತದೆ. ಟಾನ್ಸಿಲ್ ಅಥವಾ ನಾಲಗೆಯ ಬುಡದ ಕ್ಯಾನ್ಸರ್ ಎಂದಾದರೆ, ರೋಗಿ ಗುಟ್ಕಾ ತಿನ್ನುತ್ತಿರಲಿ ಬಿಡಲಿ, ಪಿ16 ಪರೀಕ್ಷೆ ಆಗಿದೆಯೇ ಎಂದು ಮನೆಯವರು ಡಾಕ್ಟರನ್ನು ಕೇಳಬಹುದು.