ಮಾರುವ ಮುನ್ನ ಅಳಿಸಬೇಕಾದುದು

ಹಳೆಯ ಲ್ಯಾಪ್‌ಟಾಪನ್ನು ಮಾರಲು ಹೊರಟ ಗೃಹಸ್ಥನು ಅದರ ಮೇಲಿನ ಧೂಳನ್ನು ಒರಸುತ್ತಾನೆ, ಚಾರ್ಜರನ್ನು ಹುಡುಕಿ ಚೀಲಕ್ಕೆ ಹಾಕುತ್ತಾನೆ, ತನ್ನ ಫೈಲುಗಳನ್ನೆಲ್ಲ ಆಯ್ದು ಡಿಲೀಟ್ ಒತ್ತಿ ರೀಸೈಕಲ್ ಬಿನ್ನನ್ನೂ ಬರಿದುಮಾಡುತ್ತಾನೆ. ಅಷ್ಟರಿಂದ ತನ್ನ ಬದುಕಿನ ಗುರುತುಗಳೆಲ್ಲ ಆ ಯಂತ್ರದಿಂದ ನಿಶ್ಶೇಷವಾಗಿ ಹೋದುವೆಂದು ನಂಬಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೋ, ಅಂತರ್ಜಾಲದ ಮೂಲಕ ದೊರೆತ ಅಪರಿಚಿತ ಗಿರಾಕಿಗೋ ಅದನ್ನು ಒಪ್ಪಿಸಿ ಹಣವನ್ನು ಎಣಿಸಿಕೊಂಡು ಬರುತ್ತಾನೆ. ಈ ನಂಬಿಕೆಗೆ ಆಧಾರವಿಲ್ಲ.

ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬಿಬ್ಬರು ಸಂಶೋಧಕರು 2000ದಿಂದ 2002ರವರೆಗಿನ ಅವಧಿಯಲ್ಲಿ, ಬಳಸಿ ಮಾರಲ್ಪಟ್ಟ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ತಮ್ಮ ಶೋಧನೆಯ ಫಲವನ್ನು 2003ರಲ್ಲಿ ಪ್ರಕಟಿಸಿದರು. ಕೆಲಸಮಾಡುವ ಸ್ಥಿತಿಯಲ್ಲಿದ್ದ 129 ಡಿಸ್ಕುಗಳಲ್ಲಿ ಸಮರ್ಪಕವಾಗಿ ಅಳಿಸಲ್ಪಟ್ಟಿದ್ದವು ಕೇವಲ 12. ಮಿಕ್ಕವುಗಳ ಪೈಕಿ ಹಲವದರಲ್ಲಿ ಕ್ರೆಡಿಟ್ ಕಾರ್ಡಿನ ಸಾವಿರಾರು ಸಂಖ್ಯೆಗಳು, ರೋಗಿಗಳ ವೈದ್ಯಕೀಯ ವಿವರಗಳು, ಅನ್ಯರು ಓದಬಾರದ ಪತ್ರಗಳು ದೊರೆತುವು. ಒಂದು ಡಿಸ್ಕಂತೂ ಎಟಿಎಂ ಯಂತ್ರದೊಳಗಿದ್ದದ್ದಾಗಿ, ಅದರ ಹಣಕಾಸಿನ ವ್ಯವಹಾರಗಳನ್ನು ಹಾಗೆಯೇ ಹೊತ್ತುಕೊಂಡು ಮಾರುಕಟ್ಟೆಗೆ ಬಂದಿತ್ತು.

ಹೀಗಾಗುವುದಕ್ಕೆ ಕಾರಣವೇನೆಂಬುದನ್ನು ತಿಳಿಯಬೇಕಾದರೆ ಯಂತ್ರವು ನೆನಪಿಡುವ ಕ್ರಮವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಡಿಸ್ಕಿನ ಒಂದೆಡೆ ಫೈಲಿನ ಒಡಲಿರುತ್ತದೆ. ಇನ್ನೊಂದೆಡೆ, ಯಾವ ಹೆಸರಿನ ಫೈಲು ಎಲ್ಲಿದೆಯೆಂಬ ಪಟ್ಟಿಯಿರುತ್ತದೆ. ಡಿಲೀಟ್ ಒತ್ತಿದಾಗ ಯಂತ್ರವು ಮುಟ್ಟುವುದು ಪಟ್ಟಿಯನ್ನು. ಆ ಜಾಗ ಇನ್ನು ಖಾಲಿಯೆಂದೂ, ಬೇಕಾದಾಗ ಅಲ್ಲಿ ಬೇರೆಯದನ್ನು ಬರೆಯಬಹುದೆಂದೂ ಗುರುತುಹಾಕಿ ಸುಮ್ಮನಾಗುತ್ತದೆ. ಶಾನುಭೋಗರ ಕಡತದಲ್ಲಿ ಮನೆಯೊಂದರ ಹೆಸರನ್ನು ಹೊಡೆದುಹಾಕಿದ ಮಾತ್ರಕ್ಕೆ ಊರಿನಲ್ಲಿ ಆ ಮನೆಯ ಗೋಡೆ ಬೀಳದು. ಫೋಟೊರೆಕ್ ಎಂಬ ಉಚಿತ ತಂತ್ರಾಂಶವು ಪಟ್ಟಿಯ ಹಂಗೇ ಇಲ್ಲದೆ, ಚಿತ್ರದ ಫೈಲೊಂದು ಎಂತಹ ಅಂಕಿಗಳಿಂದ ಆರಂಭವಾಗುವುದೆಂಬ ಲಕ್ಷಣವನ್ನೇ ಹಿಡಿದು ಡಿಸ್ಕನ್ನು ಆದ್ಯಂತವಾಗಿ ಶೋಧಿಸಿ ಅಳಿದ ಫೋಟೋಗಳನ್ನು ಹೊರತೆಗೆಯುತ್ತದೆ. ಕೈತಪ್ಪಿ ಹೋದ ಮದುವೆಯ ಚಿತ್ರಗಳನ್ನು ಮರಳಿ ದೊರಕಿಸುವ ಈ ಉಪಕಾರಿ ಸಾಧನವೇ, ನಮ್ಮ ಲ್ಯಾಪ್‌ಟಾಪನ್ನು ಕೊಂಡವನ ಕೈಗೂ ಅಷ್ಟೇ ಸುಲಭವಾಗಿ ಸಿಗತಕ್ಕದ್ದು. ಇನ್ನು ‘ಕ್ವಿಕ್ ಫಾರ್ಮ್ಯಾಟ್’ ಎಂಬುದು ಹೊಸದೊಂದು ಬರಿಯ ಪಟ್ಟಿಯನ್ನು ಬರೆಯುವುದೇ ಹೊರತು ಬೇರೆಯಲ್ಲ.

ತಿರುಗುವ ತಟ್ಟೆಗಳುಳ್ಳ ಹಳೆಯ ಹಾರ್ಡ್ ಡಿಸ್ಕಿಗೆ ಪರಿಹಾರ ಸರಳ: ಇದ್ದ ಅಕ್ಷರಗಳ ಮೇಲೆ ಆದಿಯಿಂದ ಅಂತ್ಯದವರೆಗೆ ಸೊನ್ನೆಗಳನ್ನು ಬರೆಯುವುದು. ಪೀಟರ್ ಗಟ್‌ಮನ್ ಎಂಬ ವಿದ್ವಾಂಸರು 1996ರ ಪ್ರಬಂಧವೊಂದರಲ್ಲಿ 35 ಬಾರಿಯ ಮೇಲ್ಬರಹದ ಕ್ರಮವನ್ನು ವಿವರಿಸಿದ್ದರಿಂದ, ಅಷ್ಟು ಸಲ ಬರೆಯದೆ ಗತಿಯಿಲ್ಲವೆಂಬ ಭೀತಿ ಬಹುಕಾಲ ಉಳಿಯಿತು. ಆದರೆ ಅದು ಆ ಕಾಲದ ಬಗೆಬಗೆಯ ಡಿಸ್ಕುಗಳೆಲ್ಲವನ್ನೂ ಒಳಗೊಳ್ಳಲು ಹೂಡಿದ ಕ್ರಮವೆಂದೂ, ಈಚಿನ ಡಿಸ್ಕುಗಳಿಗೆ ಅನಗತ್ಯವೆಂದೂ ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ. ಒಮ್ಮೆ ಪೂರ್ಣವಾಗಿ ಬರೆದರೆ ಸಾಕು.

ಕಷ್ಟವಿರುವುದು ಇಂದಿನ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಕಾಣುವ ಎಸ್‌ಎಸ್‌ಡಿಯಲ್ಲಿ. ಅದರ ಸ್ಮೃತಿಕೋಶಗಳು ಮಿತಿಮೀರಿ ಬರೆದರೆ ಸವೆಯುವ ಸ್ವಭಾವದವಾದ್ದರಿಂದ, ಆ ಸವೆತ ಎಲ್ಲೆಡೆ ಸಮನಾಗಿ ಹಂಚಿಹೋಗಲೆಂದು ಒಳಗಿನ ನಿಯಂತ್ರಕವು ಪ್ರತಿಯೊಂದು ಹೊಸ ಬರಹವನ್ನೂ ಬೇರೊಂದು ಎಡೆಗೆ ಒಯ್ಯುತ್ತದೆ. ಹಳೆಯದರ ಮೇಲೆ ಬರೆದೆವೆಂದು ನಾವು ಭಾವಿಸಿರುವಾಗ ಹಳೆಯದು ತನ್ನ ಸ್ಥಾನದಲ್ಲಿಯೇ ಉಳಿದಿರಬಹುದು. ಇದಲ್ಲದೆ, ವಿಂಡೋಸ್ ಮುಂತಾದವುಗಳ ಕಣ್ಣಿಗೆ ಬೀಳದ ಮೀಸಲು ಜಾಗವೂ ಅದರಲ್ಲಿರುತ್ತದೆ. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಎಸ್‌ಎಸ್‌ಡಿಗಳ ಚಿಪ್ಪುಗಳನ್ನೇ ನೇರವಾಗಿ ಓದಿ ನೋಡಿದಾಗ, ಒಂದೊಂದೇ ಫೈಲನ್ನು ಅಳಿಸುವ ಹಳೆಯ ವಿಧಾನಗಳೆಲ್ಲ ವಿಫಲವಾದದ್ದು ಕಂಡಿತು. ಇಡೀ ಡಿಸ್ಕನ್ನು ಬರಿದುಮಾಡಲೆಂದು ತಯಾರಕರೇ ಒಳಗೆ ಅಳವಡಿಸಿದ ಆಜ್ಞೆಯೂ ಕೆಲವದರಲ್ಲಿ ಸರಿಯಾಗಿರಲಿಲ್ಲ. ಒಂದು ಎಸ್‌ಎಸ್‌ಡಿಯು ಕಾರ್ಯ ಸಫಲವಾಯಿತೆಂದು ವರದಿ ಕೊಟ್ಟು, ಇದ್ದುದೆಲ್ಲವನ್ನೂ ಇದ್ದಂತೆಯೇ ಉಳಿಸಿಕೊಂಡಿತ್ತು!

ಆದಕಾರಣ ನನ್ನ ದೃಷ್ಟಿಯಲ್ಲಿ ಸಾಮಾನ್ಯ ಗೃಹಸ್ಥನಿಗೆ ಅತ್ಯಂತ ವಿಶ್ವಾಸಾರ್ಹವಾದ ಮಾರ್ಗವೆಂದರೆ ಗೂಢಲಿಪಿ. ಡಿಸ್ಕಿಗೆ ಹೋಗುವ ಪ್ರತಿಯೊಂದು ಅಕ್ಷರವೂ ಒಂದು ರಹಸ್ಯ ಕೀಲಿಯಿಂದ ಮಾರ್ಪಟ್ಟೇ ಹೋಗುವಂತಿದ್ದರೆ, ಕೊನೆಗೆ ಆ ಕೀಲಿಯೊಂದನ್ನು ನಾಶಮಾಡಿದೊಡನೆ, ಯಾವ ಮೂಲೆಯಲ್ಲಿ ಏನು ಉಳಿದಿದ್ದರೂ ಅದು ಅರ್ಥಹೀನವಾದ ಅಂಕಿಗಳ ರಾಶಿಯಾಗುತ್ತದೆ. ವಿಂಡೋಸಿನಲ್ಲಿ ಇದಕ್ಕೆ ಬಿಟ್‌ಲಾಕರ್ ಎಂದೂ, ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂದೂ ಹೆಸರು. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಎನ್ನುತ್ತಾರೆ. ಬಹುದಿನ ಬಳಸಿದ ಯಂತ್ರದಲ್ಲಿ ಬಿಟ್‌ಲಾಕರನ್ನು ಹೊಸದಾಗಿ ಆರಂಭಿಸುವವರು ‘ಬಳಕೆಯಲ್ಲಿರುವ ಜಾಗ ಮಾತ್ರ’ ಎಂಬುದನ್ನು ಬಿಟ್ಟು ‘ಇಡೀ ಡ್ರೈವ್’ ಎಂಬುದನ್ನೇ ಆರಿಸಿಕೊಳ್ಳಬೇಕು. ಇಲ್ಲವಾದರೆ ಹಿಂದೆ ಡಿಲೀಟ್ ಮಾಡಿದ ಫೈಲುಗಳು ಬೆತ್ತಲಾಗಿಯೇ ಉಳಿದಾವು.

ಮಾರುವ ದಿನದ ಕೆಲಸ ಅಷ್ಟೇನೂ ದೀರ್ಘವಲ್ಲ. ಬೇಕಾದುದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲುಮಾಡಿ, ಆ ನಕಲು ತೆರೆಯುತ್ತದೆಯೇ ಎಂಬುದನ್ನೂ ನೋಡಿ, ಬ್ರೌಸರು, ಇಮೇಲು, ವಾಟ್ಸ್‌ಆ್ಯಪ್‌ಗಳಿಂದ ಸೈನ್ ಔಟ್ ಆದ ತರುವಾಯ, ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ‘ರಿಮೂವ್ ಎವ್ರಿಥಿಂಗ್’ ಎಂಬುದನ್ನು ಒತ್ತಬೇಕು. ಅಲ್ಲಿ ಕಣ್ಣಿಗೆ ಸುಲಭವಾಗಿ ಬೀಳದ ‘ಕ್ಲೀನ್ ಡೇಟಾ’ ಎಂಬ ಆಯ್ಕೆಯನ್ನೂ ಚಾಲೂ ಮಾಡತಕ್ಕದ್ದು. ಇದು ಮನೆಬಳಕೆಯ ಮಟ್ಟದ ಶುದ್ಧೀಕರಣವೇ ಹೊರತು ಸರ್ಕಾರಗಳ ಮಾನದಂಡಕ್ಕೆ ಸಲ್ಲುವಂಥದಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳುತ್ತದೆ. ಗೂಢಲಿಪಿಯೊಡನೆ ಸೇರಿದಾಗ ಅದು ಸಾಕಷ್ಟು ಬಲವಾಗುತ್ತದೆ. ಈಚಿನ ಮ್ಯಾಕ್‌ಗಳಲ್ಲಿ ‘ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್’ ಎಂಬುದೊಂದೇ ಈ ಕೆಲಸವನ್ನು ಪೂರೈಸುತ್ತದೆ. ಚಾಲೂ ಆಗದೆ ಕೆಟ್ಟುಹೋದ ಲ್ಯಾಪ್‌ಟಾಪಾದರೆ, ಡಿಸ್ಕನ್ನು ಕಳಚಿಸಿ ಇಟ್ಟುಕೊಂಡು ಮಿಕ್ಕುದನ್ನು ಮಾರುವುದೇ ವಿವೇಕ; ಅಯಸ್ಕಾಂತ ಸವರಿದರೆ ಎಲ್ಲವೂ ಹೋದೀತೆಂಬ ಮಾತು ಎಸ್‌ಎಸ್‌ಡಿಯ ವಿಷಯದಲ್ಲಿ ಸುಳ್ಳು.

‘ನನ್ನಲ್ಲಿ ಮುಚ್ಚಿಡುವಂಥದೇನಿದೆ?’ ಎಂದು ಕೇಳುವ ಸಜ್ಜನರುಂಟು. ಆದರೆ ನಮ್ಮ ಲ್ಯಾಪ್‌ಟಾಪಿನಲ್ಲಿರುವುದು ನಮ್ಮದು ಮಾತ್ರವಲ್ಲ. ತಾಯಿಯ ಆಧಾರ್ ಪ್ರತಿ, ತಂಗಿಯ ಜಾತಕ, ಬಾಡಿಗೆದಾರರ ಕರಾರು, ಉಪಾಧ್ಯಾಯರಾದರೆ ವಿದ್ಯಾರ್ಥಿಗಳ ಅಂಕಪಟ್ಟಿ, ವೈದ್ಯರಾದರೆ ರೋಗಿಗಳ ವರದಿ, ಇವೆಲ್ಲ ನಮ್ಮನ್ನು ನಂಬಿದವರು ನಮ್ಮಲ್ಲಿ ಬಿಟ್ಟುಹೋದ ನಿಕ್ಷೇಪಗಳು. ಅವುಗಳನ್ನು ಮಾರುಕಟ್ಟೆಗೆ ಬಿಡುವ ಅಧಿಕಾರ ನಮಗಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಎಂಬ ಹಣಕಾಸಿನ ಸಂಸ್ಥೆ ತನ್ನ ಹಳೆಯ ಯಂತ್ರಗಳ ವಿಲೇವಾರಿಯನ್ನು, ದತ್ತಾಂಶ ನಾಶದ ಅನುಭವವೇ ಇಲ್ಲದ ಸಾಮಾನು ಸಾಗಣೆಯ ಕಂಪನಿಯೊಂದಕ್ಕೆ ವಹಿಸಿ, ಗ್ರಾಹಕರ ವಿವರಗಳು ಅಳಿಯದೆ ಉಳಿದಿದ್ದ ಯಂತ್ರಗಳಲ್ಲಿ ಕೆಲವು ಅಂತರ್ಜಾಲದ ಹರಾಜಿಗೆ ಬಂದುದರಿಂದ, ಅಮೆರಿಕದ ಷೇರುಪೇಟೆಯ ನಿಯಂತ್ರಕರು 2022ರಲ್ಲಿ ಅದಕ್ಕೆ 3.5 ಕೋಟಿ ಡಾಲರ್ ದಂಡ ವಿಧಿಸಿದರು. ನಮಗೆ ದಂಡ ವಿಧಿಸಲು ಯಾರೂ ಬಾರದಿರಬಹುದು. ನಷ್ಟವಾಗುವುದು ಮಾತ್ರ ನಮ್ಮನ್ನು ನಂಬಿದವರಿಗೆ.

ಓದುಗರಲ್ಲಿ ನನ್ನದೊಂದೇ ವಿಜ್ಞಾಪನೆ: ಮಾರುವ ಯೋಚನೆ ಇನ್ನೂ ದೂರವಿದ್ದರೂ ಚಿಂತೆಯಿಲ್ಲ, ಇಂದು ಲ್ಯಾಪ್‌ಟಾಪನ್ನು ತೆರೆದಾಗ ಸೆಟ್ಟಿಂಗ್ಸ್‌ಗೆ ಹೋಗಿ ಗೂಢಲಿಪಿಯ ರಕ್ಷಣೆ ಚಾಲೂ ಇದೆಯೇ ಎಂದು ನೋಡಿ, ಇಲ್ಲವಾದರೆ ಚಾಲೂ ಮಾಡಿ, ಅದು ಕೊಡುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಮನೆಯ ಮುಖ್ಯ ಪತ್ರಗಳೊಡನೆ ಜೋಪಾನವಾಗಿಡಿ.